ಇಲಿ ಸತ್ತದ್ದು ಮದ್ದಿನಿಂದಲೋ, ಬೋನಿನಿಂದಲೋ?

1988ರಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಒಂದು ಪ್ರಚಾರಚಿತ್ರ ಬಂತು. ಬೋನಿನೊಳಗೆ ಒಂದು ಇಲಿ; ಅದರ ಮುಂದೆ ಕೊಕೇನು. ಇಲಿ ಅದನ್ನು ತಿನ್ನುತ್ತದೆ, ಮತ್ತೆ ತಿನ್ನುತ್ತದೆ, ಸಾಯುವತನಕ ಬಿಡುವುದಿಲ್ಲ. ಹತ್ತು ಇಲಿಗಳಲ್ಲಿ ಒಂಬತ್ತರ ಗತಿ ಇದು, ನಿಮ್ಮ ಗತಿಯೂ ಇದೇ ಆದೀತು ಎಂಬುದು ಅದರ ಉಪದೇಶ.

ಉಪದೇಶದಲ್ಲಿ ತಪ್ಪೇನಿದೆ ಎಂದು ವಾಚಕರು ಕೇಳಬಹುದು. ಕೊಕೇನು ಒಳ್ಳೆಯದೆಂದು ನಾನೂ ಹೇಳುವುದಿಲ್ಲ. ಹತ್ತಕ್ಕೆ ಒಂಬತ್ತು ಎಂಬ ಲೆಕ್ಕವೂ ಗಾಳಿಯಿಂದ ಬಂದದ್ದಲ್ಲ. ಆದರೆ ಆ ಚಿತ್ರದಲ್ಲಿ ಎಲ್ಲರ ಕಣ್ಣಿಗೂ ಬಿದ್ದು ಯಾರ ಮನಸ್ಸಿಗೂ ಬಾರದ ವಸ್ತುವೊಂದಿತ್ತು. ಅದು ಬೋನು. ಜನ ಇಲಿಯನ್ನು ನೋಡಿದರು, ಮದ್ದನ್ನು ನೋಡಿದರು, ಬೋನನ್ನು ನೋಡಲಿಲ್ಲ. ಇಂಥದೇ ಅರೆನೋಟದ ಮೇಲೆ ಆ ದೇಶದಲ್ಲಿ ಕಾಯಿದೆಗಳೂ ಆದವು, ಸೆರೆಮನೆಗಳೂ ತುಂಬಿದವು. ಆದ್ದರಿಂದ ಇಲಿಯ ಕತೆಯನ್ನು ಮೊದಲಿನಿಂದ ತಿಳಿದುಕೊಳ್ಳುವುದು ವ್ಯರ್ಥವಲ್ಲ.

ಮೊದಲು ವಿಜ್ಞಾನಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸೋಣ. ಕುಡುಕ, ಅಫೀಮುಕೋರ ಎಂದರೆ ನೀತಿಗೆಟ್ಟವನು, ಮನಸ್ಸಿನ ಬಿಗಿ ಇಲ್ಲದವನು ಎಂದು ಉಳ್ಳವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆ ಮಾತಿಗೆ ಮೊದಲ ಪೆಟ್ಟು ಕೊಟ್ಟದ್ದೇ ಇಲಿ. ಇಲಿಗೆ ನೀತಿಯೂ ಇಲ್ಲ, ಅನೀತಿಯೂ ಇಲ್ಲ. ಅದಕ್ಕೆ ಕೆಟ್ಟ ಸಹವಾಸವಿಲ್ಲ, ಪೂರ್ವಜನ್ಮದ ಕರ್ಮವಿಲ್ಲ. ಆದರೂ ಅದು ಮದ್ದಿಗೆ ಅಂಟಿಕೊಳ್ಳುತ್ತದೆ. ಹಾಗಾದರೆ ಕಾರಣ ಮೈಯೊಳಗೇ ಎಲ್ಲೋ ಇರಬೇಕಲ್ಲವೆ?

ಆ ಜಾಗವನ್ನು ಮೊದಲು ತಟ್ಟಿದವರು ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್. ಇಲಿಯ ಮಿದುಳಿನ ಒಂದು ಭಾಗಕ್ಕೆಂದು ಇಳಿಸಿದ ತಂತಿ ಗುರಿ ತಪ್ಪಿ ಬೇರೆ ಕಡೆಗೆ ಹೋಯಿತು. ಆ ತಂತಿಯಲ್ಲಿ ಸ್ವಲ್ಪ ವಿದ್ಯುತ್ತು ಹರಿಸಿದರೆ ಇಲಿ ಹೆದರಿ ಓಡುವ ಬದಲು, ವಿದ್ಯುತ್ತು ಸಿಕ್ಕಿದ ಮೂಲೆಗೇ ಮರಳಿ ಮರಳಿ ಬಂತು. ಆಮೇಲೆ ಗುಂಡಿಯೊಂದನ್ನು ಅದರ ಕೈಗೇ ಕೊಟ್ಟರು. ಒತ್ತಿದರೆ ವಿದ್ಯುತ್ತು. ಇಲಿಗಳು ಗಂಟೆಗೆ ನೂರಾರು ಸಲ, ಮುಂದಿನ ಪ್ರಯೋಗಗಳಲ್ಲಿ ಸಾವಿರಾರು ಸಲ ಒತ್ತಿದವು. 1954ರಲ್ಲಿ ಈ ವರದಿ ಅಚ್ಚಾಯಿತು. ಮಿದುಳಿನಲ್ಲಿ ‘ಇದು ಬೇಕು, ಇನ್ನೂ ಬೇಕು’ ಎನಿಸುವ ಒಂದು ದಾರಿಯೇ ಇದೆ ಎಂಬುದು ಅಂದಿನಿಂದ ಗೊತ್ತಾಯಿತು.

ಆ ದಾರಿಯಲ್ಲಿ ಹರಿಯುವ ರಸ ಯಾವುದು? ಈ ಶೋಧದಲ್ಲಿ ನಮ್ಮ ನಾಡಿನ ಬೇರೊಂದಕ್ಕೂ ಪಾಲುಂಟು. ಹುಚ್ಚಿಗೆ, ರಕ್ತದ ಒತ್ತಡಕ್ಕೆ ನಮ್ಮ ವೈದ್ಯರು ಕೊಡುತ್ತಿದ್ದ ಸರ್ಪಗಂಧದ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ಔಷಧ ಕಂಪನಿಯೊಂದು ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಲ್ಲಿನಂತೆ ಕುಳಿತುಬಿಟ್ಟವು. ಅವುಗಳಿಗೆ ಎಲ್‌-ಡೋಪಾ ಎಂಬ ವಸ್ತುವನ್ನು ಚುಚ್ಚಿದೊಡನೆ ಎದ್ದು ಓಡಾಡಿದವು. 1957 ಮತ್ತು 1958ರ ಈ ಕೆಲಸದಿಂದ ಡೋಪಮೈನ್ ಎಂಬ ರಸ ಮಿದುಳಿನಲ್ಲಿ ತನ್ನದೇ ಕೆಲಸ ಮಾಡುತ್ತದೆಂದು ತಿಳಿಯಿತು. ಕಾರ್ಲ್ಸನ್ ಅವರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು. ಸರ್ಪಗಂಧ ಅರೆದುಕೊಟ್ಟ ಹೆಸರಿಲ್ಲದ ವೈದ್ಯರಿಗೆ ಏನು ಬಂತೆಂದು ಕೇಳುವುದು ಈ ಲೇಖನದ ವಿಷಯವಲ್ಲ.

ಮಿದುಳಿನ ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ನಡುವೆ ಕೂದಲೆಳೆಗಿಂತಲೂ ಎಷ್ಟೋ ಕಿರಿದಾದ ಸಂದು ಇದೆ. ಒಂದು ಕೋಶ ಆ ಸಂದಿಗೆ ಡೋಪಮೈನನ್ನು ಬಿಡುತ್ತದೆ. ಎದುರಿನ ಕೋಶ ಅದನ್ನು ತಿಳಿದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಮೊದಲ ಕೋಶವೇ ಬಿಟ್ಟದ್ದನ್ನು ಮರಳಿ ಹೀರಿಕೊಳ್ಳುತ್ತದೆ. ಕೊಕೇನು ಮಾಡುವುದಿಷ್ಟೆ: ಮರಳಿ ಹೀರುವ ಬಾಯಿಗೆ ಬಿರಡೆ ಹಾಕುತ್ತದೆ. ರಸ ಸಂದಿನಲ್ಲೇ ನಿಂತು ತುಂಬುತ್ತದೆ. ಆಂಫೆಟಮೈನ್ ಇನ್ನೂ ಒರಟು. ಕೋಶದೊಳಗೆ ಕೂಡಿಟ್ಟ ರಸವನ್ನೇ ಹೊರಕ್ಕೆ ತಳ್ಳುತ್ತದೆ. ಅಫೀಮಿನ ಕುಲದ ಮಾರ್ಫಿನ್, ಹೆರಾಯಿನ್‌ಗಳ ದಾರಿ ಬಳಸಿನದು: ಡೋಪಮೈನ್ ಕೋಶಗಳನ್ನು ಹಿಡಿದು ನಿಲ್ಲಿಸುವ ಕಾವಲು ಕೋಶಗಳಿವೆ, ಇವು ಆ ಕಾವಲನ್ನು ಮಲಗಿಸುತ್ತವೆ. ತೂಬಿನ ಕಾವಲುಗಾರ ಮಲಗಿದರೆ ಕೆರೆಯ ನೀರು ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಬೇಕಾಗಿಲ್ಲ.

ಇದನ್ನು ಅಳತೆ ಮಾಡಿ ತೋರಿಸಿದವರು ಇಟಲಿಯ ಸಾರ್ಡೀನಿಯ ದ್ವೀಪದ ಕಾಲ್ಯಾರಿ ಊರಿನ ಡಿ ಕಿಯಾರ ಮತ್ತು ಇಂಪೆರಾತೊ. ತೀರ ತೆಳುವಾದ ಕೊಳವೆಯನ್ನು ಇಲಿಯ ಮಿದುಳಿನಲ್ಲಿಟ್ಟು, ಇಲಿ ಓಡಾಡುತ್ತಿರುವಾಗಲೇ ಅಲ್ಲಿನ ರಸವನ್ನು ಹನಿಹನಿಯಾಗಿ ಹಿಡಿದು ಪರೀಕ್ಷಿಸಿದರು. ಅಫೀಮಿನ ಮದ್ದುಗಳು, ಹೆಂಡದ ಸಾರ, ಹೊಗೆಸೊಪ್ಪಿನ ನಿಕೋಟಿನ್, ಆಂಫೆಟಮೈನ್, ಕೊಕೇನು – ಮನುಷ್ಯ ಯಾವುದಕ್ಕೆ ದಾಸನಾಗುತ್ತಾನೋ ಅವೆಲ್ಲವೂ ಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಒಂದೇ ಗಂಟಿನಲ್ಲಿ ಡೋಪಮೈನನ್ನು ಏರಿಸಿದವು. ಇದು 1988ರ ವರದಿ; ಟೆಲಿವಿಷನ್ನಿನ ಇಲಿ ಬಂದ ವರ್ಷವೇ.

ಡೋಪಮೈನ್ ಎಂದರೆ ಸುಖದ ರಸ ಎಂದು ಪತ್ರಿಕೆಗಳಲ್ಲಿ ಸುಲಭವಾಗಿ ಬರೆಯುವುದುಂಟು. ಅದು ಸರಿಯಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಟೆರಿ ರಾಬಿನ್ಸನ್ ಅವರು ಇಲಿಗಳ ಮಿದುಳಿನ ಡೋಪಮೈನನ್ನು ಬಹುಪಾಲು ನಾಶಪಡಿಸಿ ನೋಡಿದರು. ಆ ಇಲಿಗಳು ತಾವಾಗಿ ಆಹಾರದ ಬಳಿಗೆ ಹೋಗಲೊಲ್ಲವು. ಬಿಟ್ಟರೆ ಹಸಿದು ಸಾಯುತ್ತವೆ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ತುಟಿ ಚಪ್ಪರಿಸುತ್ತವೆ. ಸವಿ ಗೊತ್ತಾಗುತ್ತದೆ, ಬಯಕೆ ಸತ್ತಿದೆ. ಅಂದರೆ ಡೋಪಮೈನ್ ಸವಿಯ ರಸವಲ್ಲ, ಬಯಕೆಯ ರಸ. ಮದ್ದಿನ ದಾಸನಾದವನು ಕೊನೆಕೊನೆಗೆ ಯಾವ ಸುಖವೂ ಇಲ್ಲದೆ, ಹಳಿದುಕೊಳ್ಳುತ್ತಲೇ ಅದರ ಹಿಂದೆ ಓಡುತ್ತಾನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಬೇರೆ ಕಡೆ ಓದಿಲ್ಲ. ‘ಮಜಾ ಮಾಡುತ್ತಿದ್ದಾನೆ’ ಎಂದು ಅವನನ್ನು ಬಯ್ಯುವವರು ಇದನ್ನು ಗಮನಿಸಬೇಕು.

ಇಷ್ಟು ರಸಾಯನದ ಮಾತು. ಇದರಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ತಕರಾರು ಶುರುವಾಗುವುದು ಇದರಾಚೆಗೆ.

ಇಲಿ ತಾನೇ ಗುಂಡಿ ಒತ್ತಿ ಮದ್ದು ತೆಗೆದುಕೊಳ್ಳುವ ಏರ್ಪಾಟನ್ನು 1962ರಲ್ಲಿ ಪ್ರಕಟಿಸಿದವರು ಅಮೆರಿಕದ ಅಪ್‌ಜಾನ್ ಎಂಬ ಔಷಧ ಕಂಪನಿಯ ಜೇಮ್ಸ್ ವೀಕ್ಸ್. ಇಲಿಯ ಕೊರಳಿನ ರಕ್ತನಾಳಕ್ಕೆ ಸಣ್ಣ ಕೊಳವೆ ಕೂಡಿಸಿ, ಅದನ್ನು ಬೆನ್ನ ಮೇಲಿಂದ ಹೊರಕ್ಕೆ ತಂದು ಯಂತ್ರಕ್ಕೆ ಜೋಡಿಸಿದರು. ಗುಂಡಿ ಒತ್ತಿದರೆ ಮಾರ್ಫಿನ್ ನೇರ ರಕ್ತಕ್ಕೆ. ಮುಂದೆ ನೂರಾರು ಪ್ರಯೋಗಶಾಲೆಗಳಲ್ಲಿ ಇದೇ ಪದ್ಧತಿ ನಡೆಯಿತು. ಮಾಂಟ್ರಿಯಲ್ಲಿನ ಕಾಂಕಾರ್ಡಿಯ ವಿಶ್ವವಿದ್ಯಾಲಯದ ಬೋಜಾರ್ಥ್ ಮತ್ತು ವೈಸ್ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಗಲೂ ರಾತ್ರಿ ಬೇಕಾದಷ್ಟು ಮದ್ದು ಸಿಗುವಂತಿತ್ತು. 30 ದಿನಗಳಲ್ಲಿ ಹೆರಾಯಿನ್ ಇಲಿಗಳಲ್ಲಿ ನೂರಕ್ಕೆ 36, ಕೊಕೇನ್ ಇಲಿಗಳಲ್ಲಿ ನೂರಕ್ಕೆ 90 ಸತ್ತವು. ಹತ್ತರಲ್ಲಿ ಒಂಬತ್ತು.

ಶಾಲೆಯ ಮಕ್ಕಳಿಗೆ ವಿಜ್ಞಾನದ ಮೊದಲ ಪಾಠವನ್ನು ಎರಡು ಕುಂಡಗಳಲ್ಲಿ ಹೇಳಿಕೊಡುತ್ತೇವೆ. ಎರಡರಲ್ಲೂ ಹುರುಳಿ ಬಿತ್ತಿ ಒಂದನ್ನು ಬಿಸಿಲಿನಲ್ಲಿ, ಒಂದನ್ನು ಕತ್ತಲೆಯಲ್ಲಿ ಇಡುತ್ತೇವೆ. ಮಣ್ಣು ಒಂದೇ, ನೀರು ಒಂದೇ. ಬೇರೆ ಇರುವುದು ಬೆಳಕು ಮಾತ್ರ. ಕತ್ತಲೆಯ ಕುಂಡ ಒಂದನ್ನೇ ಇಟ್ಟು, ಸಸಿ ಬಿಳಿಚಿಕೊಂಡಿತು, ಹುರುಳಿಯ ಜಾತಿಯೇ ಹೀಗೆ ಎಂದು ಬರೆದ ಹುಡುಗನಿಗೆ ಮೇಷ್ಟರು ಎಷ್ಟು ಅಂಕ ಕೊಡಬೇಕು? ಇಲಿಯ ವಿಷಯದಲ್ಲಿ ದೊಡ್ಡ ದೊಡ್ಡವರು ಬರೆದದ್ದು ಈ ಉತ್ತರವನ್ನೇ.

ಇಲಿ ನಮ್ಮ ಅಟ್ಟದಲ್ಲಿ, ಗದ್ದೆಯ ಬದುವಿನಲ್ಲಿ ಹೇಗೆ ಬದುಕುತ್ತದೆಂದು ಎಲ್ಲರೂ ಬಲ್ಲರು. ಅದು ಒಂಟಿಯಾಗಿ ಇರುವ ಪ್ರಾಣಿಯಲ್ಲ. ಬಿಲ ತೋಡುತ್ತದೆ, ಕೂಡಿಡುತ್ತದೆ, ಮರಿಗಳನ್ನು ನೆಕ್ಕುತ್ತದೆ, ಜಗಳ ಆಡುತ್ತದೆ, ಒಂದರ ಮೇಲೊಂದು ಬಿದ್ದು ನಿದ್ದೆಮಾಡುತ್ತದೆ. ಪ್ರಯೋಗಶಾಲೆಯ ಬೋನಿನಲ್ಲಿ ಅದಕ್ಕೆ ಸಿಗುತ್ತಿದ್ದುದು ಒಂದು ರಟ್ಟಿನ ಪೆಟ್ಟಿಗೆಯಷ್ಟು ಜಾಗ, ತಂತಿಯ ನೆಲ, ಕಾಳು, ನೀರು. ಇನ್ನೊಂದು ಇಲಿಯ ಮುಖ ಕಾಣದು. ಮಾಡಲು ಕೆಲಸವೊಂದೇ: ಗುಂಡಿ ಒತ್ತುವುದು.

ಬೋನು ಇಲಿಯ ಮಿದುಳನ್ನೇ ಬದಲಿಸುತ್ತದೆಂಬುದು ಆ ಕಾಲಕ್ಕೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಓಲ್ಡ್ಸ್ ಮತ್ತು ಮಿಲ್ನರ್ ಇದ್ದ ಮೆಕ್‌ಗಿಲ್‌ನಲ್ಲೇ ಇದ್ದ ಡೊನಾಲ್ಡ್ ಹೆಬ್ ಅವರು 1940ರ ದಶಕದಲ್ಲಿ ಕೆಲವು ಇಲಿಗಳನ್ನು ತಮ್ಮ ಮನೆಗೇ ಒಯ್ದು ಸಾಕಿದರು. ಮನೆಯೆಲ್ಲ ಓಡಾಡಿ ಬೆಳೆದ ಆ ಇಲಿಗಳು ಬೋನಿನ ಇಲಿಗಳಿಗಿಂತ ಜಾಣತನದ ಪರೀಕ್ಷೆಯಲ್ಲಿ ಮುಂದಾದವು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮೇರಿಯನ್ ಡೈಮಂಡ್ ಮತ್ತು ಸಂಗಡಿಗರು, ಸಂಗಾತಿಗಳೊಡನೆ ಆಟದ ವಸ್ತುಗಳ ನಡುವೆ ಬೆಳೆದ ಇಲಿಗಳ ಮಿದುಳಿನ ಹೊರಪದರವೇ ದಪ್ಪವಾಗಿರುವುದನ್ನು ಅಳೆದು ತೋರಿಸಿದರು. ಇಷ್ಟಾದರೂ ಮದ್ದಿನ ಪ್ರಯೋಗಕ್ಕೆ ಒಂಟಿ ಬೋನು ಹೋಗಲಿಲ್ಲ. ಅದು ಅಗ್ಗ, ಲೆಕ್ಕಕ್ಕೆ ಸುಲಭ.

ಎರಡನೆಯ ಕುಂಡವನ್ನು ಬಿಸಿಲಿಗಿಟ್ಟವರು ಕೆನಡಾದ ಪಶ್ಚಿಮ ಕರಾವಳಿಯ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದ ಬ್ರೂಸ್ ಅಲೆಕ್ಸಾಂಡರ್ ಮತ್ತು ಅವರ ಜೊತೆಯ ಹ್ಯಾಡವೇ, ಕೋಂಬ್ಸ್, ಬೇಯರ್‌ಸ್ಟೀನ್. 1970ರ ದಶಕದ ಕೊನೆಯಲ್ಲಿ ಅವರು ಹಲಗೆಗಳಿಂದ ಒಂದು ದೊಡ್ಡ ಆವರಣ ಕಟ್ಟಿದರು. ಸಾಮಾನ್ಯ ಬೋನಿಗಿಂತ 200 ಪಟ್ಟು ದೊಡ್ಡದು. ಗೋಡೆಗೆ ಕಾಡಿನ ಚಿತ್ರ ಬರೆದರು. ನೆಲಕ್ಕೆ ಮರದ ಹೊಟ್ಟು, ಅಡಗಲು ಡಬ್ಬಿಗಳು, ಉರುಳಿಸಲು ಚೆಂಡು. ಗಂಡು ಹೆಣ್ಣು ಕೂಡಿ 16ರಿಂದ 20 ಇಲಿಗಳು. ಇದಕ್ಕೆ ‘ಇಲಿಗಳ ಉದ್ಯಾನ’ ಎಂದು ಹೆಸರಾಯಿತು. ಉದ್ಯಾನದ ಇಲಿಗಳಿಗೂ ಒಂಟಿ ಬೋನಿನ ಇಲಿಗಳಿಗೂ ಎರಡೆರಡು ಪಾನಕ ಇಟ್ಟರು: ಒಂದು ಬರಿಯ ನೀರು, ಇನ್ನೊಂದು ಸಕ್ಕರೆ ಬೆರೆಸಿದ ಮಾರ್ಫಿನ್ ನೀರು. ಮಾರ್ಫಿನ್ ಕಹಿಯಾದ್ದರಿಂದ ಸಕ್ಕರೆ.

ಬೋನಿನ ಇಲಿಗಳು ಮಾರ್ಫಿನ್ನಿಗೆ ಬಿದ್ದವು. ಉದ್ಯಾನದವು ಒಲ್ಲೆನೆಂದವು. ಪ್ರಯೋಗದ ಒಂದು ಹಂತದಲ್ಲಿ ಬೋನಿನವು ಕುಡಿದದ್ದು ಉದ್ಯಾನದವುಗಳ 19 ಪಟ್ಟು. ಉದ್ಯಾನದ ಇಲಿಗಳಿಗೆ ಸಕ್ಕರೆ ಸೇರದೆ ಬಿಟ್ಟವೇ? ಅದನ್ನೂ ನೋಡಿದರು. ಮಾರ್ಫಿನ್ನಿನ ಅಮಲನ್ನು ತಡೆಯುವ ನಲಾಕ್ಸೋನ್ ಎಂಬ ಮದ್ದನ್ನು ಅದೇ ನೀರಿಗೆ ಸೇರಿಸಿದಾಗ ಅವು ಬಂದು ಕುಡಿದವು. ಅವಕ್ಕೆ ಸಿಹಿ ಬೇಕಿತ್ತು, ಅಮಲು ಬೇಡವಾಗಿತ್ತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಲಿಗಳಿಗೆ 57 ದಿನ ಮಾರ್ಫಿನ್ ನೀರಲ್ಲದೆ ಬೇರೆ ನೀರೇ ಕೊಡದೆ ಚಟ ಹತ್ತಿಸಿದರು. ಆಮೇಲೆ ಎರಡೂ ನೀರು ಇಟ್ಟಾಗ ಉದ್ಯಾನದ ಇಲಿಗಳು ಮೈಯ ಸಂಕಟವನ್ನು ಸಹಿಸಿಯೂ ಬರಿಯ ನೀರಿನ ಕಡೆಗೆ ವಾಲಿದವು.

ದೊಡ್ಡ ಹೆಸರಿನ ವಿಜ್ಞಾನ ಪತ್ರಿಕೆಗಳು ಈ ವರದಿಯನ್ನು ಒಪ್ಪಲಿಲ್ಲ. 1978ರಿಂದ ಬೇರೆ ಪತ್ರಿಕೆಗಳಲ್ಲಿ ಅದು ಅಚ್ಚಾಯಿತು. ಕೆಲವು ವರ್ಷಗಳಲ್ಲಿ ಪ್ರಯೋಗಕ್ಕೆ ಹಣವೂ ನಿಂತಿತು. ಸತ್ತ ಇಲಿಗೆ ಟೆಲಿವಿಷನ್ನಿನಲ್ಲಿ ಜಾಗ ಸಿಕ್ಕಿತು. ಬದುಕಿದ ಇಲಿಗೆ ಸಿಗಲಿಲ್ಲ.

ಇಲ್ಲಿ ನಮ್ಮವರಿಗೂ ಒಂದು ಎಚ್ಚರಿಕೆ ಹೇಳಬೇಕು. ಈಚಿನ ದಿನಗಳಲ್ಲಿ ಉದ್ಯಾನದ ಇಲಿಯನ್ನು ಪುರಾಣ ಮಾಡಿ, ಮದ್ದಿನಿಂದ ಏನೂ ಆಗುವುದಿಲ್ಲ, ಎಲ್ಲವೂ ಸಮಾಜದ ದೋಷ ಎಂದು ಭಾಷಣ ಮಾಡುವವರು ಹುಟ್ಟಿಕೊಂಡಿದ್ದಾರೆ. ನಮಗೆ ಪಥ್ಯವಾಗುವ ಸಾಕ್ಷಿಯನ್ನು ಪರೀಕ್ಷಿಸದೆ ಒಪ್ಪುವುದು ಎದುರಾಳಿಗಳ ದಾರಿಯೇ. 1996ರಲ್ಲಿ ಪೆಟ್ರಿ ಎಂಬವರು ಇಂಥದೇ ಪ್ರಯೋಗ ಮಾಡಿದಾಗ ಅಲೆಕ್ಸಾಂಡರ್ ಕಂಡ ವ್ಯತ್ಯಾಸ ಕಾಣಲಿಲ್ಲ. ಇಲಿಯ ತಳಿ ಬೇರೆಯಾದರೆ ಫಲವೂ ಬೇರೆಯಾದೀತು ಎಂಬ ಅನುಮಾನಕ್ಕೆ ಎಡೆಯಾಯಿತು. ಬಾಯಿಯಿಂದ ಕುಡಿಯುವ ಕಹಿ ನೀರಿಗೂ ರಕ್ತನಾಳಕ್ಕೆ ನೇರ ಹರಿಯುವ ಮದ್ದಿಗೂ ಅಂತರ ಬಹಳ. ಕೆಂಟಕಿಯ ಮೈಕೇಲ್ ಬಾರ್ಡೊ ಮತ್ತು ಸಂಗಡಿಗರು 2001ರಲ್ಲಿ ರಕ್ತನಾಳದ ಪದ್ಧತಿಯಲ್ಲೇ ನೋಡಿದರು: ಕೂಡಿ ಆಡಿ ಬೆಳೆದ ಇಲಿಗಳು ಸಣ್ಣ ಪ್ರಮಾಣದ ಆಂಫೆಟಮೈನನ್ನು ಒಂಟಿ ಇಲಿಗಳಿಗಿಂತ ಕಡಿಮೆ ತೆಗೆದುಕೊಂಡವು, ಪ್ರಮಾಣ ಏರಿಸಿದಾಗ ಆ ಅಂತರ ನಿಲ್ಲಲಿಲ್ಲ. ಅಂದರೆ ಒಳ್ಳೆಯ ಬದುಕು ಒಂದು ಅಣೆಕಟ್ಟು. ಪ್ರವಾಹ ಮಿತಿಮೀರಿದರೆ ಅಣೆಕಟ್ಟಿಗೂ ಮಿತಿಯುಂಟು. ಫ್ರಾನ್ಸಿನ ಬೋರ್ಡೋ ನಗರದಲ್ಲಿ 2004ರಲ್ಲಿ ಪ್ರಕಟವಾದ ಇನ್ನೊಂದು ಕೆಲಸವೂ ಗಮನಕ್ಕೆ ಬರಬೇಕು. ಸುಮಾರು ಮೂರು ತಿಂಗಳು ಕೊಕೇನು ತೆಗೆದುಕೊಂಡ ಇಲಿಗಳಲ್ಲಿ ನಿಜವಾಗಿ ಚಟದ ಎಲ್ಲ ಲಕ್ಷಣ ತೋರಿದವು, ಅಂದರೆ ಕಾಲಿಗೆ ವಿದ್ಯುತ್ತಿನ ಪೆಟ್ಟು ಬಿದ್ದರೂ ಬಿಡದವು, ನೂರಕ್ಕೆ ಸುಮಾರು 17 ಮಾತ್ರ. ಮದ್ದು ಎಲ್ಲರ ಮಿದುಳನ್ನೂ ತಟ್ಟುತ್ತದೆ. ಎಲ್ಲರನ್ನೂ ಒಂದೇ ಸಮನಾಗಿ ಹಿಡಿಯುವುದಿಲ್ಲ.

ಆದರೂ ಸುತ್ತಣ ಸ್ಥಿತಿಯ ಬಲವನ್ನು ಅಲ್ಲಗಳೆಯಲಾಗದ ಇನ್ನೊಂದು ಪ್ರಯೋಗವಿದೆ. ನನ್ನ ಮಟ್ಟಿಗೆ ಇದು ಉದ್ಯಾನಕ್ಕಿಂತಲೂ ಗಟ್ಟಿಯಾದದ್ದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಷೆಪರ್ಡ್ ಸೀಗಲ್ ಮತ್ತು ಜೊತೆಯವರು ಇಲಿಗಳಿಗೆ ದಿನಬಿಟ್ಟು ದಿನ ಹೆರಾಯಿನ್ ಕೊಟ್ಟು, ಪ್ರಮಾಣವನ್ನು ಮೆಲ್ಲಗೆ ಏರಿಸುತ್ತ ಅವುಗಳ ಮೈಯನ್ನು ಅದಕ್ಕೆ ಒಗ್ಗಿಸಿದರು. ಆಮೇಲೆ ಒಂದು ದಿನ ದೊಡ್ಡ ಪ್ರಮಾಣ. ಅರ್ಧ ಇಲಿಗಳಿಗೆ ಅದನ್ನು ಯಾವಾಗಲೂ ಮದ್ದು ಸಿಗುತ್ತಿದ್ದ ಕೋಣೆಯಲ್ಲಿ ಕೊಟ್ಟರು, ಇನ್ನರ್ಧಕ್ಕೆ ಮದ್ದು ಎಂದೂ ಸಿಗದ ಬೇರೆ ಕೋಣೆಯಲ್ಲಿ. ಪರಿಚಯದ ಕೋಣೆಯಲ್ಲಿ ಸತ್ತವು ನೂರಕ್ಕೆ 32. ಬೇರೆ ಕೋಣೆಯಲ್ಲಿ 64. ಹಿಂದೆ ಮದ್ದೇ ಕಾಣದ ಇಲಿಗಳಲ್ಲಿ 96. ಮದ್ದು ಅದೇ, ತೂಕ ಅದೇ, ಮೈ ಒಗ್ಗಿದ್ದೂ ಅಷ್ಟೇ. ಕೋಣೆ ಬದಲಾಯಿತು, ಸಾವು ಎರಡರಷ್ಟಾಯಿತು. ಪರಿಚಯದ ಗೋಡೆಗಳನ್ನು ಕಂಡೊಡನೆ ಮೈ ಮುಂಚಿತವಾಗಿಯೇ ಮದ್ದನ್ನು ಎದುರಿಸಲು ಸಿದ್ಧವಾಗುತ್ತದೆ. ಹೊಸ ಜಾಗದಲ್ಲಿ ಸಿದ್ಧವಾಗುವುದಿಲ್ಲ. 1982ರ ಈ ವರದಿ ಹೇಳುವುದೇನು? ಸುತ್ತಮುತ್ತಲಿನ ಸ್ಥಿತಿ ಎಂಬುದು ಮಿದುಳಿನ ಹೊರಗೆ ನಿಂತ ಸಮಾಜಶಾಸ್ತ್ರವಲ್ಲ. ಅದು ಮಿದುಳಿನ ರಸಾಯನದ ಒಳಗೇ ಇದೆ.

ಮನುಷ್ಯರ ಮಾತೇನು? ಪ್ರಯೋಗ ಮಾಡಬಾರದ ಪ್ರಯೋಗವನ್ನು ವಿಯೆಟ್ನಾಂ ಯುದ್ಧ ಮಾಡಿತು. ಅಲ್ಲಿ ಹೆರಾಯಿನ್ ಅಗ್ಗವಾಗಿತ್ತು, ಶುದ್ಧವಾಗಿತ್ತು. ಯಾರದೋ ಲಾಭಕ್ಕೆ ಯಾರನ್ನೋ ಕೊಲ್ಲಲು ಕಳಿಸಿದ ಹುಡುಗರಿಗೆ ಬೇಸರವೂ ಭಯವೂ ಧಾರಾಳವಾಗಿದ್ದವು. 1971ರಲ್ಲಿ ಮರಳಿದ ಸೈನಿಕರನ್ನು ಅಮೆರಿಕದ ಲೀ ರಾಬಿನ್ಸ್ ಎಂಬ ವಿದುಷಿ ವಿಚಾರಿಸಿದಾಗ, ಐದರಲ್ಲಿ ಒಬ್ಬ ತಾನು ಅಲ್ಲಿ ಚಟಕ್ಕೆ ಬಿದ್ದಿದ್ದೆ ಎಂದ. ದೇಶವೇ ಮುಳುಗಿತೆಂದು ಸರಕಾರ ಹೆದರಿತು. ಆದರೆ ಊರಿಗೆ ಬಂದ ಮೊದಲ ವರ್ಷದಲ್ಲಿ ಆ ಚಟದವರ ಪೈಕಿ ಮತ್ತೆ ಅದಕ್ಕೆ ಬಿದ್ದವರು ನೂರಕ್ಕೆ 5; ಮೂರು ವರ್ಷದ ಲೆಕ್ಕ ಹಿಡಿದರೂ 12. ಮಿದುಳು ಅದೇ, ಅದು ಕಂಡ ಮದ್ದೂ ಅದೇ. ಬೋನು ಹೋಗಿತ್ತು.

ಸೀಗಲ್ಲರ ಇಲಿ ಕೋಣೆಯ ಮಾತು ಹೇಳಿತು. ಇನ್ನು ಆಯ್ಕೆಯ ಮಾತು. 2007ರಲ್ಲಿ ಬೋರ್ಡೋ ನಗರದ ಸೆರ್ಜ್ ಅಹ್ಮದ್ ಮತ್ತು ಸಂಗಡಿಗರು ಇಲಿಯ ಮುಂದೆ ಎರಡು ಗುಂಡಿ ಇಟ್ಟರು. ಒಂದಕ್ಕೆ ಕೊಕೇನು, ಇನ್ನೊಂದಕ್ಕೆ ಸ್ಯಾಕರಿನ್ ಬೆರೆಸಿದ ಸಿಹಿ ನೀರು. ನೂರಕ್ಕೆ 94 ಇಲಿಗಳು ಸಿಹಿ ನೀರನ್ನು ಆರಿಸಿಕೊಂಡವು. 1985ರ ಇಲಿ ಕೊಕೇನನ್ನು ಆರಿಸಿಕೊಂಡಿತೆಂದು ಹೇಳುತ್ತ ಬಂದರಲ್ಲ. ಆರಿಸಿಕೊಳ್ಳಲು ಅದರ ಮುಂದೆ ಇದ್ದದ್ದೇನು?

2018ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ, ಸರಕಾರದ ಸ್ವಂತ ಸಂಶೋಧನಾಲಯದಲ್ಲೇ, ಮಾರ್ಕೊ ವೆನ್ನಿರೊ, ಯಾವಿನ್ ಷಹಮ್ ಮುಂತಾದವರು ಇನ್ನೂ ಮುಂದೆ ಹೋದರು. ಇಲಿಗಳಿಗೆ ಹೆರಾಯಿನ್ ಅಥವಾ ಮೆಥಾಂಫೆಟಮೈನ್ ಚಟ ಹತ್ತಿಸಿ ಎರಡು ಗುಂಡಿ ಕೊಟ್ಟರು. ಒಂದು ಒತ್ತಿದರೆ ಮದ್ದು. ಇನ್ನೊಂದು ಒತ್ತಿದರೆ ಬಾಗಿಲು ತೆರೆಯುತ್ತದೆ, ಪಕ್ಕದ ಬೋನಿನ ಇನ್ನೊಂದು ಇಲಿಯ ಜೊತೆ ಒಂದಷ್ಟು ಹೊತ್ತು ಆಡಬಹುದು. ಹೆಚ್ಚು ಕಡಿಮೆ ಎಲ್ಲ ಇಲಿಗಳೂ ಬಾಗಿಲನ್ನೇ ಆರಿಸಿದವು. ಗಂಡಾಗಲಿ ಹೆಣ್ಣಾಗಲಿ, ಮದ್ದು ಯಾವುದೇ ಆಗಲಿ ಹೀಗೆಯೇ. ಮದ್ದು ಬಿಟ್ಟ ದಿನಗಳು ಹೆಚ್ಚಿದಂತೆ ಬಯಕೆ ಇಳಿಯುವ ಬದಲು ಏರುತ್ತದೆಂದು ಷಹಮ್ ಅವರ ಸಂಗಡಿಗರೇ 2001ರಲ್ಲಿ ಇಲಿಗಳಲ್ಲಿ ಕಂಡಿದ್ದರು. ಸಂಗಾತಿ ಸಿಕ್ಕಿ ಮದ್ದು ಬಿಟ್ಟ ಇಲಿಗಳಲ್ಲಿ ಆ ಏರಿಕೆಯೂ ತಡೆಯಿತು. ಯಾವಾಗ ಮತ್ತೆ ಮದ್ದಿನ ಕಡೆಗೆ ಹೋದವೆಂದರೆ, ಬಾಗಿಲು ತೆರೆಯಲು ತಡಮಾಡಿದಾಗ, ಇಲ್ಲವೆ ಬಾಗಿಲಿನ ಗುಂಡಿ ಒತ್ತಿದ್ದಕ್ಕೆ ಕಾಲಿಗೆ ವಿದ್ಯುತ್ತು ಕೊಟ್ಟಾಗ. ಅಧಿಕಾರಿಗಳು ನಿರ್ಮಿಸುವ ಚಟಮುಕ್ತಿಯ ಏರ್ಪಾಟುಗಳಲ್ಲಿ ಚಟಗಾರನ ಬಾಗಿಲು ಎಷ್ಟು ಬೇಗ ತೆರೆಯುತ್ತದೆ, ತೆರೆದಾಗ ಅವನಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದನ್ನು ಈ ಇಲಿಗಳ ಮುಂದಿಟ್ಟು ನೋಡಬೇಕು.

ಈಗ ಕಾಯಿದೆಯ ಮಾತಿಗೆ ಬರೋಣ. 1986ರಲ್ಲಿ ಅಮೆರಿಕ ಮಾಡಿದ ಕಾಯಿದೆಯ ಪ್ರಕಾರ, ಬಡವರ ಬೀದಿಯಲ್ಲಿ ಚೂರುಚೂರಾಗಿ ಮಾರುತ್ತಿದ್ದ ಕ್ರ್ಯಾಕ್ ಎಂಬ ಕೊಕೇನಿನ 5 ಗ್ರಾಂ ಮಾರಾಟಕ್ಕೆ ಕನಿಷ್ಠ ಐದು ವರ್ಷ ಸೆರೆ. ಉಳ್ಳವರು ಮೂಗಿಗೇರಿಸುತ್ತಿದ್ದ ಕೊಕೇನಿನ ಪುಡಿಗೆ ಅದೇ ಐದು ವರ್ಷ ಬೀಳಬೇಕಾದರೆ 500 ಗ್ರಾಂ ಬೇಕಿತ್ತು. ಮಿದುಳಿಗೆ ಎರಡೂ ಕೊಕೇನೇ. ಹೊಗೆಯಾಗಿ ಹೋದದ್ದು ಬೇಗ ಏರುತ್ತದೆ, ನಿಜ. ನೂರು ಪಟ್ಟು ಅಲ್ಲ. 2006ರಲ್ಲಿ ಒಕ್ಕೂಟ ಸರಕಾರದ ನ್ಯಾಯಾಲಯಗಳಲ್ಲಿ ಕ್ರ್ಯಾಕಿನ ಶಿಕ್ಷೆಗೆ ಒಳಗಾದ ಹತ್ತು ಮಂದಿಯಲ್ಲಿ ಎಂಟು ಮಂದಿ ಕರಿಯರು. 2010ರಲ್ಲಿ ಈ ನೂರು ಪಟ್ಟನ್ನು 18 ಪಟ್ಟಿಗೆ ಇಳಿಸಿದರು. ಕಾಯಿದೆ ಬರೆದವರು ಇಲಿಯ ವರದಿ ಓದಿ ಬರೆದರೆಂದು ನಾನು ಹೇಳುವುದಿಲ್ಲ. ಇಬ್ಬರ ನೋಟವೂ ಒಂದೇ ಆಗಿತ್ತು: ಒಳಗಿರುವ ಇಲಿಯನ್ನು ನೋಡು, ಅದರ ಬಾಯಲ್ಲಿರುವುದನ್ನು ನೋಡು, ಅಲ್ಲಿಗೆ ನಿಲ್ಲು. ಕಾರ್ಖಾನೆ ಮುಚ್ಚಿದ ಊರು, ಕೆಲಸವಿಲ್ಲದ ಮನೆ, ಹೊರಗೆ ಹೋಗಲು ದಾರಿಯಿಲ್ಲದ ಬಡಾವಣೆ – ಇವು ವರದಿಯ ಹೊರಗೆ ಉಳಿದವು.

ಹೊರಗೆ ಉಳಿದದ್ದು ಇನ್ನೊಂದು. ಪ್ರಯೋಗಶಾಲೆಯಲ್ಲಿ ಇಲಿಯ ಸೀಸೆ ತಾನಾಗಿ ತುಂಬುವುದಿಲ್ಲ. ಬೆಳಗ್ಗೆ ಬಂದು ಯಾರೋ ತುಂಬುತ್ತಾರೆ. ಅಮೆರಿಕದಲ್ಲಿ 1996ರಲ್ಲಿ ಪರ್ಡ್ಯೂ ಫಾರ್ಮ ಎಂಬ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂತು. ಅದು ಅಫೀಮಿನ ಕುಲದ್ದೇ; ಮಿದುಳಿನ ಕಾವಲನ್ನು ಮಲಗಿಸುವ ಜಾತಿ. ಚಟ ಹತ್ತುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂದು ಕಂಪನಿಯ ಮಾರಾಟಗಾರರು ವೈದ್ಯರಿಗೆ ಹೇಳಿ ನಂಬಿಸಿದರು. ಇಂಥ ಮಾತಿಗೆಲ್ಲ ಆಧಾರವಾಗಿ ತೋರಿಸುತ್ತಿದ್ದುದು 1980ರಲ್ಲಿ ವೈದ್ಯ ಪತ್ರಿಕೆಯೊಂದಕ್ಕೆ ಬಂದ ಐದು ವಾಕ್ಯಗಳ ಒಂದು ಕಾಗದ. ಅದೂ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳ ವಿಷಯ. ಇಲಿಗಳು 1962ರಿಂದ ಹೇಳುತ್ತಿದ್ದ ಸಾಕ್ಷಿ ಆಗ ಯಾರಿಗೂ ಬೇಡವಾಯಿತು. ಬಡವನನ್ನು ಸೆರೆಗೆ ಹಾಕಬೇಕಾದಾಗ ಇಲಿ ಸತ್ಯಹರಿಶ್ಚಂದ್ರ. ಮಾತ್ರೆ ಮಾರಬೇಕಾದಾಗ ಇಲಿ ಬರಿಯ ಇಲಿ.

ಮಾತ್ರೆಗಳು ಗಣಿಗಳು ಸೊರಗಿದ, ಗಿರಣಿಗಳು ಮುಚ್ಚಿದ ಸೀಮೆಗಳಲ್ಲಿ ವಿಶೇಷವಾಗಿ ಹಬ್ಬಿದವು. ಮಾತ್ರೆ ದುಬಾರಿಯಾದಾಗ ಜನ ಹೆರಾಯಿನ್ನಿಗೆ, ಅಲ್ಲಿಂದ ಫೆಂಟನಿಲ್ಲಿಗೆ ಹೋದರು. ಎಲ್ಲ ಮದ್ದುಗಳೂ ಸೇರಿ 2021ರ ಒಂದೇ ವರ್ಷದಲ್ಲಿ ಪ್ರಮಾಣ ಮೀರಿ ಸತ್ತವರು ಒಂದು ಲಕ್ಷ ಆರು ಸಾವಿರಕ್ಕೂ ಹೆಚ್ಚು.

2007ರಲ್ಲಿ ಕಂಪನಿಯ ವ್ಯವಹಾರ ವರ್ಜೀನಿಯದ ನ್ಯಾಯಾಲಯಕ್ಕೆ ಬಂತು. ಮಾತ್ರೆಯ ಗುಣವನ್ನು ತಪ್ಪಾಗಿ ಹೇಳಿ ಮಾರಿದ್ದಾಗಿ ಕಂಪನಿ ಒಪ್ಪಿಕೊಂಡು ಸುಮಾರು 60 ಕೋಟಿ ಡಾಲರ್ ತೆತ್ತಿತು. ಮೇಲಿನ ಮೂವರು ಅಧಿಕಾರಿಗಳೂ ತಪ್ಪೊಪ್ಪಿಕೊಂಡರು. ಅವರಿಗೆ ಬಿದ್ದದ್ದು ದಂಡ, ಮೂರು ವರ್ಷದ ನಿಗಾ, 400 ಗಂಟೆಗಳ ಸಮಾಜಸೇವೆ. ಒಬ್ಬನೂ ಸೆರೆಮನೆಗೆ ಹೋಗಲಿಲ್ಲ. 5 ಗ್ರಾಂ ಕ್ರ್ಯಾಕಿಗೆ ಐದು ವರ್ಷ ಎಂಬ ಕಾಯಿದೆ ಆ ವರ್ಷವೂ ಅದೇ ದೇಶದಲ್ಲಿ ಜಾರಿಯಲ್ಲಿತ್ತು.